ವಿಯೆನ್ನಾದಲ್ಲಿ ‘ಬಾಬಾ’ ಅಂದ್ರೆ ಟಾಟಾ

ವಿಯೆನ್ನಾ ಆಫೀಸಿನಲ್ಲಿ ನನ್ನ ಮೊದಲ ದಿನ. ಸಂಜೆ ಐದು ಗಂಟೆಗೆ ಬ್ಯಾಗು ಹೆಗಲಿಗೇರಿಸಿ ಲಿಫ್ಟ್ ಕಡೆ ಹೊರಟಿದ್ದೆ. ಹಿಂದಿನಿಂದ ಪಕ್ಕದ ಸೀಟಿನ ಸಹೋದ್ಯೋಗಿ ನಗುತ್ತಾ ಕೈಯೆತ್ತಿ “ಬಾಬಾ!” ಅಂದ.

ಕರೀತಿದ್ದಾನೆ ಅಂತ ವಾಪಸ್ ಹೋದೆ. “ಏನು?” ಅಂತ ಇಂಗ್ಲಿಷಿನಲ್ಲಿ ಕೇಳಿದೆ. “ಏನಿಲ್ಲ” ಅಂದ. “ಸರಿ” ಅಂತ ತಿರುಗಿದೆ. ಮತ್ತೆ “ಬಾಬಾ” ಅಂದ. ಮತ್ತೆ ಹೋದೆ. ಮೂರನೇ ಸಲ ಹೋದಾಗ ಅವನ ಮುಖದಲ್ಲಿ ಸ್ವಲ್ಪ ಗಾಬರಿ ಕಾಣಿಸಿತು. ಬೆಂಗಳೂರಿನಿಂದ ಬಂದಿರೋ ಟೆಸ್ಟರ್‌ಗೆ ಮನೆಗೆ ಹೋಗೋ ಮನಸ್ಸೇ ಇಲ್ಲ, ಪಾಪ ಅಂದುಕೊಂಡಿರಬೇಕು.

ಆಮೇಲೆ ಗೊತ್ತಾಯ್ತು. ವಿಯೆನ್ನಾದ ಆಡುಮಾತಿನಲ್ಲಿ ‘ಬಾಬಾ’ ಅಂದ್ರೆ ಬೈ ಬೈ, ಟಾಟಾ, ಹೊರಡು ಅಂತ. ಅಂಗಡಿಯಲ್ಲಿ ಬಿಲ್ಲು ಕೊಟ್ಟು ‘ಬಾಬಾ’ ಅಂತಾರೆ, ಫೋನ್ ಇಡುವಾಗ ‘ಬಾಬಾ’ ಅಂತಾರೆ. ಮೈಸೂರಿನವನನ್ನು ‘ಬಾ ಬಾ’ ಅಂತ ಕರೆದೇ ಓಡಿಸುವ ಊರು ಜಗತ್ತಿನಲ್ಲಿ ಇದೊಂದೇ ಇರಬೇಕು.

ಅವತ್ತು ರಾತ್ರಿ ಇದನ್ನು ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಸಾಮಾನ್ಯವಾಗಿ ಆ ಗ್ರೂಪಿನಲ್ಲಿ ನಡೆಯೋದು ಗುಡ್ ಮಾರ್ನಿಂಗ್ ಹೂವು ಮತ್ತು ಮಂಡಿನೋವಿನ ಮನೆಮದ್ದು. ಅಂಥ ಗ್ರೂಪಿನಲ್ಲಿ ಹದಿನೇಳು ಜನ ನಕ್ಕರು. ಚಿಕ್ಕಪ್ಪ “ಇಂಥದ್ದು ಇನ್ನೂ ಬರ್ಲಿ” ಅಂತ ಆರ್ಡರ್ ಮಾಡಿದರು. ಅಲ್ಲಿಂದ ಶುರುವಾಯ್ತು ನನ್ನ ಚಟ. ಹೋದ ದೇಶಕ್ಕೆಲ್ಲ ಒಂದು ಫೋಟೊ, ಒಂದು ಸಾಲು. ದೇಶವೊಂದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡೋದು. ಪ್ರಾಜೆಕ್ಟ್ ಕೆಲಸ, ವೀಕೆಂಡ್ ಸುತ್ತಾಟ ಎಲ್ಲ ಸೇರಿ ಎರಡು ವರ್ಷದಲ್ಲಿ ಹನ್ನೊಂದು ದೇಶದ ಹನ್ನೊಂದು ಸಾಲು ಜಮಾ ಆದವು.

ಕೆಲವು ನಿಮಗೂ ಹೇಳ್ತೀನಿ. ನಗಬಹುದು. ನಾನೂ ನಕ್ಕಿದ್ದೆ.

ಜರ್ಮನಿ: ಗಡಿಯಾರ ಸರಿಯಿದೆ, ರೈಲು ಬಂದಿಲ್ಲ

ಜರ್ಮನ್ ರೈಲು ನೋಡಿ ವಾಚ್ ಸರಿಮಾಡ್ಕೋಬಹುದು ಅಂತ ಚಿಕ್ಕಪ್ಪ ನನಗೆ ಮಿಡಲ್ ಸ್ಕೂಲಿನಿಂದಲೇ ಹೇಳಿಕೊಟ್ಟಿದ್ದರು. ಅವರು ಜರ್ಮನಿಗೆ ಹೋಗಿಲ್ಲ. ವಿಯೆನ್ನಾದಿಂದ ಫ್ರಾಂಕ್‌ಫರ್ಟ್‌ಗೆ ನೇರ ರೈಲಿದೆ, ಮೀಟಿಂಗ್‌ಗೆ ಅಂತ ಹತ್ತಿದೆ. ಆಸ್ಟ್ರಿಯಾ ದಾಟುವವರೆಗೆ ಎಲ್ಲ ಸರಿಯಿತ್ತು. ಗಡಿಯ ಪಾಸಾವ್ ಸ್ಟೇಷನ್ನಿನಲ್ಲಿ ರೈಲು ನಿಂತಿತು, ಮತ್ತು ನಿಂತೇ ಇತ್ತು. ಮೊದಲು ಸಿಗ್ನಲ್ ದೋಷ ಅಂದರು. ಆಮೇಲೆ ಮುಂದಿನ ರೈಲು ಲೇಟ್ ಅಂದರು. ಆಮೇಲೆ ಏನೂ ಅನ್ನಲಿಲ್ಲ. ಎದುರು ಸೀಟಿನ ಜರ್ಮನ್ ಅಜ್ಜಿ ಒಂದು ಮಾತಾಡದೆ ಡಬ್ಬಿ ತೆಗೆದು ಬೇಯಿಸಿದ ಮೊಟ್ಟೆ ಸುಲಿಯಲು ಶುರುಮಾಡಿದರು, ಅರಸೀಕೆರೆ ಜಂಕ್ಷನ್ನಿನಲ್ಲಿ ಕ್ರಾಸಿಂಗ್‌ಗೆ ಕಾಯುವ ಅನುಭವಸ್ಥರ ಹಾಗೆ.

ಇದು ನನ್ನೊಬ್ಬನ ಹಣೆಬರಹ ಅಲ್ಲ. 2024ರಲ್ಲಿ ಜರ್ಮನಿಯ ದೂರಪ್ರಯಾಣದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ನೂರಕ್ಕೆ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ‘ಸಮಯಕ್ಕೆ ಸರಿಯಾಗಿ’ ಅಂತಲೇ ಲೆಕ್ಕ ಹಿಡಿದು. ರದ್ದಾದ ರೈಲು ಲೆಕ್ಕಕ್ಕೇ ಇಲ್ಲ. ಬಾರದ ರೈಲು ಲೇಟಾಗೋದು ಹೇಗೆ? ಪಕ್ಕದ ಸ್ವಿಟ್ಜರ್ಲೆಂಡಿನವರಂತೂ ತೀರಾ ಲೇಟಾಗಿ ಬಂದ ಜರ್ಮನ್ ರೈಲನ್ನು ಬಾಸೆಲ್‌ನಲ್ಲೇ ನಿಲ್ಲಿಸಿ, ಜನರನ್ನು ತಮ್ಮ ರೈಲಿಗೆ ಹತ್ತಿಸಿಕೊಳ್ಳೋದುಂಟು. ಮೈಲಿಗೆ ಒಳಗೆ ಬರಬಾರದು ಅನ್ನೋ ಹಾಗೆ.

ಆದರೆ ಅದೇ ಜರ್ಮನರು ರಾತ್ರಿ ಹನ್ನೆರಡು ಗಂಟೆಗೆ, ಒಂದು ವಾಹನವೂ ಇಲ್ಲದ ರಸ್ತೆಯ ಮುಂದೆ ಕೆಂಪು ಮನುಷ್ಯನ ಚಿತ್ರ ಹಸಿರಾಗಲಿ ಅಂತ ನಿಂತಿರ್ತಾರೆ. ನ್ಯೂರೆಂಬರ್ಗ್‌ನಲ್ಲಿ ನಾನೂ ನಿಂತೆ. ಸಿಲ್ಕ್ ಬೋರ್ಡ್ ಸಿಗ್ನಲ್ ಎದುರಿಸಿ ಬಂದವನು ನಾನು, ಆ ಒಂದು ನಿಮಿಷ ನನಗೆ ನಾನೇ ಯಾರೋ ಅನ್ನಿಸಿತು.

ಗ್ರೂಪಿಗೆ ಹಾಕಿದ ಸಾಲು: “ಜರ್ಮನಿ: ಜನ ನಿಯಮ ಪಾಲಿಸ್ತಾರೆ, ರೈಲು ಪಾಲಿಸಲ್ಲ.”

ನೆದರ್ಲೆಂಡ್ಸ್: ಹ್ಯಾಪಿ ಬರ್ತ್‌ಡೇ ಎಲ್ಲರಿಗೂ

ನಮ್ಮ ಮ್ಯಾನೇಜರ್ ಡಚ್ ಹೆಂಗಸು, ಉಟ್ರೆಕ್ಟ್‌ನವರು. ಒಂದು ಟ್ರೇನಿಂಗ್‌ಗೆ ಅಲ್ಲಿಗೆ ಹೋಗಿದ್ದಾಗ ಗಂಡನ ಹುಟ್ಟುಹಬ್ಬಕ್ಕೆ ಮನೆಗೆ ಕರೆದರು. ಒಳಗೆ ಹೋದರೆ ಹಾಲಿನಲ್ಲಿ ಕುರ್ಚಿಗಳನ್ನು ಗುಂಡಗೆ ಹಾಕಿ, ಎಲ್ಲರೂ ಸುತ್ತ ಕೂತಿದ್ದಾರೆ. ಬಂದವರು ಹುಟ್ಟುಹಬ್ಬದವನಿಗೆ ಮಾತ್ರ ಅಲ್ಲ, ಅವನ ಹೆಂಡತಿಗೆ, ಅಪ್ಪನಿಗೆ, ಅತ್ತಿಗೆಗೆ, ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳ್ಬೇಕು. ನಿಮ್ಮ ಮಗನ ಹುಟ್ಟುಹಬ್ಬಕ್ಕೆ ನಿಮಗೆ ಅಭಿನಂದನೆ, ನಿಮ್ಮ ಭಾವನ ಹುಟ್ಟುಹಬ್ಬಕ್ಕೆ ನಿಮಗೆ ಅಭಿನಂದನೆ! ಒಬ್ಬರು ನನಗೂ ಹೇಳಿದರು. ಥ್ಯಾಂಕ್ಸ್ ಅಂದೆ, ಸಾಧಿಸಿದ್ದು ಏನು ಅಂತ ತಿಳಿಯಲಿಲ್ಲ. ಟಾಯ್ಲೆಟ್‌ಗೆ ಹೋದರೆ ಬಾಗಿಲಿನ ಪಕ್ಕ ಒಂದು ಕ್ಯಾಲೆಂಡರ್, ಅದರಲ್ಲಿ ನೆಂಟರಿಷ್ಟರೆಲ್ಲರ ಹುಟ್ಟಿದ ದಿನ. ಇದು ಅಲ್ಲಿ ಮನೆಮನೆಯ ಪದ್ಧತಿಯಂತೆ. ದಿನಾ ತಪ್ಪದೆ ಕಣ್ಣಿಗೆ ಬೀಳುವ ಜಾಗ ಅಂದ್ರೆ ಅದೇ ತಾನೇ?

ಮಾರನೇ ದಿನ ಕಾಫಿ ಕುಡಿಯೋಕೆ ಕರ್ಕೊಂಡು ಹೋದರು. ಸಂಜೆ ಫೋನಿಗೆ ಒಂದು ಮೆಸೇಜು: ‘ಟಿಕ್ಕಿ’, 3 ಯೂರೋ 10 ಸೆಂಟ್. ಟಿಕ್ಕಿ ಅನ್ನೋದು ಡಚ್ ಬ್ಯಾಂಕೊಂದು 2016ರಲ್ಲಿ ತಂದ ಆ್ಯಪ್; ನಿಮ್ಮ ಪಾಲಿನ ದುಡ್ಡು ಕೇಳಿ ಲಿಂಕ್ ಕಳಿಸುತ್ತೆ. ನಮ್ಮಲ್ಲಾಗಿದ್ರೆ ಬಿಲ್ಲಿಗಾಗಿ ಕ್ಯಾಷ್ ಕೌಂಟರ್ ಮುಂದೆ ಕುಸ್ತಿ ಆಗ್ತಿತ್ತು. “ನಾನು ಕೊಡ್ತೀನಿ ಬಿಡ್ರೀ” ಅಂತ ಒಬ್ಬರ ಕೈ ಒಬ್ಬರು ತಿರುಚಿ, ಗೆದ್ದವನು ಮನೆಗೆ ಹೋಗಿ ಹೆಂಡತಿ ಹತ್ತಿರ ಬೈಸಿಕೊಳ್ತಿದ್ದ.

ಅವರ ಇನ್ನೊಂದು ಗುಣ ನೇರ ಮಾತು. ನನ್ನ ಪ್ರೆಸೆಂಟೇಷನ್ ಮುಗಿದ ಮೇಲೆ ಮ್ಯಾನೇಜರ್ “ಎರಡನೇ ಭಾಗ ಬೋರಿಂಗ್, ತೆಗೆದುಹಾಕು” ಅಂದರು. ಎಂಟು ವರ್ಷದ ಸರ್ವಿಸಿನಲ್ಲಿ “ಚೆನ್ನಾಗಿತ್ತು, ಆದ್ರೆ...” ಕೇಳಿ ಅಭ್ಯಾಸವಾಗಿದ್ದ ಕಿವಿಗೆ ಬಿಸಿನೀರು ಬಿದ್ದ ಹಾಗಾಯ್ತು.

ಸಾಲು: “ನೆದರ್ಲೆಂಡ್ಸ್: ಅಭಿನಂದನೆ ಫ್ರೀ, ಕಾಫಿಗೆ 3 ಯೂರೋ 10 ಸೆಂಟ್.”

ಇಟಲಿ: ಮೂಲ ದರ್ಶಿನಿ

ವಿಯೆನ್ನಾದಿಂದ ವೆನಿಸ್‌ಗೂ ನೇರ ರೈಲು. ಇಟಲಿಯವರು ಸೋಮಾರಿಗಳು, ಎಲ್ಲ ಲೇಟು ಅಂತ ಕೇಳಿದ್ದೆ. ರೈಲು ಹೇಳಿದ ನಿಮಿಷಕ್ಕೆ ತಲುಪಿತು. ನನಗೆ ಅವಮಾನವಾದ ಹಾಗಾಯ್ತು, ಬರೆದಿಟ್ಟುಕೊಂಡಿದ್ದ ಜೋಕು ವೇಸ್ಟ್!

ಇಟಲಿಯಲ್ಲಿ ನನಗೆ ನಮ್ಮ ಊರು ಕಂಡದ್ದು ಕಾಫಿ ಬಾರಿನಲ್ಲಿ. ಕೌಂಟರ್ ಮುಂದೆ ನಿಂತು, ಚಿಕ್ಕ ಲೋಟದಲ್ಲಿ ಎರಡು ಗುಟುಕು ಕುಡಿದು, ಎರಡು ಮಾತು ಹರಟಿ ಹೊರಡೋದು. ನಿಂತು ಕುಡಿದರೆ ಒಂದು ರೇಟು, ಕೂತು ಕುಡಿದರೆ ಇನ್ನೊಂದು. ವೆನಿಸ್‌ನ ಸಂತ ಮಾರ್ಕನ ಚೌಕದಲ್ಲಿ ಕೂತರಂತೂ ಪಕ್ಕದಲ್ಲಿ ಬಾರಿಸೋ ಸಂಗೀತಕ್ಕೂ ಬಿಲ್ಲಿನಲ್ಲಿ ಬೇರೆ ಸಾಲು. ನಮ್ಮ ಬೆಂಗಳೂರಿನ ದರ್ಶಿನಿಯಲ್ಲಿ ಮಿಕ್ಸಿ ಸದ್ದು ಇನ್ನೂ ಉಚಿತ ಅನ್ನೋದು ನೆನಪಿರಲಿ.

ಊಟ ಆದ ಮೇಲೆ ಕ್ಯಾಪುಚಿನೊ ಕೇಳಿದೆ. ವೇಟರ್ ನನ್ನ ಮುಖ ನೋಡಿದ ರೀತಿ! ಹಾಲು ಹಾಕಿದ ಕಾಫಿ ಬೆಳಿಗ್ಗೆಗೆ ಮಾತ್ರ ಅಂತ ಅವರ ಶಾಸ್ತ್ರ. ರಾತ್ರಿ ಹೊತ್ತು ಮೊಸರು ತಿಂದರೆ ನಮ್ಮ ಅಜ್ಜಿ ನೋಡ್ತಿದ್ದದ್ದೂ ಹಾಗೇ.

ಆಸ್ಟ್ರಿಯಾ: ಇಲ್ಲಿ ಕಾಂಗರೂ ಇಲ್ಲ

ನನಗೆ ಕೂಳು ಕೊಟ್ಟ ದೇಶದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಇಲ್ಲಿನ ಸೊವೆನಿರ್ ಅಂಗಡಿಗಳಲ್ಲಿ ‘ಆಸ್ಟ್ರಿಯಾದಲ್ಲಿ ಕಾಂಗರೂ ಇಲ್ಲ’ ಅನ್ನೋ ಟಿ-ಶರ್ಟ್ ಮಾರ್ತಾರೆ. ನಮ್ಮ ದೊಡ್ಡಮ್ಮ ನನ್ನನ್ನು ಬೀಳ್ಕೊಡುವಾಗ “ಆಸ್ಟ್ರೇಲಿಯಾದಲ್ಲಿ ಬಿಸಿಲು ಜಾಸ್ತಿಯಂತೆ, ಟೋಪಿ ಹಾಕ್ಕೋ” ಅಂದಿದ್ದರು. ಅವರಿಗೇ ಒಂದು ಟಿ-ಶರ್ಟ್ ತಗೊಂಡೆ. ‘ದಿ ಸೌಂಡ್ ಆಫ್ ಮ್ಯೂಸಿಕ್’ ಸಿನಿಮಾದಿಂದ ನಾನು ಈ ದೇಶ ಕಲಿತಿದ್ದೆ. ನನ್ನ ಟೀಮಿನ ಆರು ಜನ ಆಸ್ಟ್ರಿಯನ್ನರಲ್ಲಿ ಐವರು ಅದನ್ನು ನೋಡೇ ಇಲ್ಲ.

ಇವರನ್ನು ಜರ್ಮನರು ಅಂದರೆ ಕೋಪ ಬರುತ್ತೆ. ಭಾಷೆ ಜರ್ಮನ್ನೇ, ಆದರೆ ಆಲೂಗೆಡ್ಡೆಗೆ ಅವರದ್ದೊಂದು ಪದ, ಇವರದ್ದೊಂದು ಪದ. ಆಸ್ಟ್ರಿಯಾ 1995ರಲ್ಲಿ ಐರೋಪ್ಯ ಒಕ್ಕೂಟ ಸೇರುವಾಗ ಆಲೂಗೆಡ್ಡೆ, ಟೊಮ್ಯಾಟೊ ಥರದ ತಮ್ಮ 23 ಅಡುಗೆಮನೆ ಪದಗಳಿಗೆ ಸಮಾನ ಸ್ಥಾನ ಬೇಕು ಅಂತ ಒಪ್ಪಂದದಲ್ಲೇ ಬರೆಸಿಕೊಂಡಿತು. ಮೊದಲು ನಕ್ಕೆ. ಆಮೇಲೆ ನನ್ನ ಹುಬ್ಬಳ್ಳಿ ರೂಮ್‌ಮೇಟ್ ‘ಬಟಾಟಿ’ ಅಂದಾಗಲೆಲ್ಲ ಬೆಂಗಳೂರಿನವರು ಅಣಕಿಸ್ತಿದ್ದದ್ದು, ಅವನು ಉರಿದು ಬೀಳ್ತಿದ್ದದ್ದು ನೆನಪಾಯ್ತು.

ಭಾನುವಾರ ಇಲ್ಲಿ ಅಂಗಡಿ ಮುಚ್ಚಿರುತ್ತೆ. ಹಾಲು ಬೇಕಂದ್ರೆ ರೈಲ್ವೆ ಸ್ಟೇಷನ್ನಿಗೆ ಹೋಗ್ಬೇಕು, ಅಲ್ಲಿನ ಅಂಗಡಿಗೆ ವಿನಾಯಿತಿ ಇದೆ. ಮೊದಲ ಭಾನುವಾರ ಕಾಲು ಲೀಟರ್ ಹಾಲಿಗೆ ಮೆಟ್ರೊ ಹತ್ತಿ ಹೋಗಿ ಬಂದೆ.

ಇನ್ನು ಕಾಫಿಹೌಸು. ವಿಯೆನ್ನಾದ ವೇಟರ್‌ಗಳು ಸಿಡುಕರು ಅನ್ನೋದು ಊರಿಗೆಲ್ಲ ಗೊತ್ತಿರೋ ಜೋಕು. ಕರಿ ಕೋಟು ಹಾಕಿದ ಯಜಮಾನರು, ಆರ್ಡರ್ ತಗೊಳ್ಳೋದು ಮಗಳ ಮದುವೆಗೆ ಸಾಲ ಕೊಟ್ಟ ಹಾಗೆ. ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು. ಆದರೆ ಆ ಒಂದು ಕಾಫಿಗೆ ಮೂರು ಗಂಟೆ ಕೂತರೂ ಎಬ್ಬಿಸಲ್ಲ. ನೀರು ಮುಗಿದರೆ, ಅದೇ ಸಿಡುಕು ಮುಖದಲ್ಲಿ ಇನ್ನೊಂದು ಲೋಟ ತಂದಿಡ್ತಾರೆ. ಮುಖದಲ್ಲಿ ಬೈಗುಳ, ಕೈಯಲ್ಲಿ ನೀರು. ನಮ್ಮ ಸೋದರತ್ತೆ ಒಬ್ಬರು ಥೇಟ್ ಹೀಗೇ.

ನಮ್ಮ ಸಾಲು ಯಾವುದು?

ಅವರ ಪ್ರಕಾರ ನಾವು ಹೇಗೆ ಅಂತ ಕೇಳ್ತೀರಾ? ನಾನು ತಲೆ ಅಲ್ಲಾಡಿಸಿದರೆ ಹೌದೋ ಅಲ್ಲವೋ ಅಂತ ಆಫೀಸಿನಲ್ಲಿ ಬೆಟ್ ಕಟ್ತಾರೆ. ಪ್ರಿಂಟರ್ ಕೆಟ್ಟರೆ ನನ್ನನ್ನೇ ಕರೀತಾರೆ, ಇಂಡಿಯನ್ ಅಂದಮೇಲೆ ಎಲ್ಲ ಮಶೀನೂ ಬರುತ್ತೆ ಅಂತ. ಬರೋಲ್ಲ. ಆದರೂ ಸುಮ್ಮನೆ ಆಫ್ ಮಾಡಿ ಆನ್ ಮಾಡಿ ಗೌರವ ಉಳಿಸಿಕೊಂಡಿದ್ದೀನಿ. ಯೋಗ ಹೇಳಿಕೊಡು ಅಂದಾಗ ಬೆನ್ನುನೋವು ಅಂತ ತಪ್ಪಿಸಿಕೊಂಡೆ. ಲಾಭದ ಕಡೆ ಇರೋ ತನಕ ಇಂಥ ಪಡಿಯಚ್ಚು ಯಾರಿಗೂ ಭಾರ ಅನ್ನಿಸಲ್ಲ.

ಒಂದು ಮಧ್ಯಾಹ್ನ ನನ್ನ ಹನ್ನೊಂದು ಸಾಲಿನ ಕಥೆಯನ್ನು ಆ ‘ಬಾಬಾ’ ಸಹೋದ್ಯೋಗಿಗೆ ಹೇಳಿದೆ. ಅವನು ಗ್ರಾಜ್ ಕಡೆಯವನು, ಅಂದ್ರೆ ಸ್ಟೈರಿಯಾ ಪ್ರಾಂತ. “ನಿನಗಿಂತ 300 ವರ್ಷ ಮೊದಲೇ ನಮ್ಮೂರವನು ಮಾಡಿಟ್ಟಿದ್ದಾನೆ” ಅಂತ ಲ್ಯಾಪ್‌ಟಾಪ್ ತಿರುಗಿಸಿದ.

ಅದೊಂದು ತೈಲಚಿತ್ರ. ಹೆಸರು ‘ಫೋಲ್ಕರ್‌ಟಾಫೆಲ್’, ಜನಾಂಗಗಳ ಪಟ್ಟಿ ಅನ್ನಿ. 18ನೇ ಶತಮಾನದ ಮೊದಲ ಭಾಗದ್ದು, ಬರೆದವನ ಹೆಸರಿಲ್ಲ. ಅದರ ಒಂದು ಪ್ರತಿ ವಿಯೆನ್ನಾದ ಜಾನಪದ ವಸ್ತುಸಂಗ್ರಹಾಲಯದಲ್ಲಿದೆ. ಮೇಲ್ಗಡೆ ಯೂರೋಪಿನ ಹತ್ತು ದೇಶದ ಹತ್ತು ಗಂಡಸರು ಅವರವರ ವೇಷದಲ್ಲಿ ಸಾಲಾಗಿ ನಿಂತಿದ್ದಾರೆ. ಕೆಳಗೆ ಚೌಕ ಚೌಕ. ಹದಿನೇಳು ಅಡ್ಡಸಾಲು: ಗುಣ, ಬುದ್ಧಿ, ಉಡುಪು, ದುರ್ಗುಣ ಹೀಗೆ. ಅಪ್ಪಟ ಎಕ್ಸೆಲ್ ಶೀಟು, ಕಂಪ್ಯೂಟರ್ ಬರೋಕೆ ಮೊದಲಿನದ್ದು.

ಹೊತ್ತು ಕಳೆಯೋದು ಹೇಗೆ? ಇಟಲಿಯವನು ಹರಟೆಯಲ್ಲಿ, ಇಂಗ್ಲಿಷಿನವನು ಕೆಲಸದಲ್ಲಿ, ಸ್ವೀಡನ್ನಿನವನು ತಿನ್ನೋದರಲ್ಲಿ, ಪೋಲೆಂಡಿನವನು ಜಗಳದಲ್ಲಿ, ರಷ್ಯದವನು ನಿದ್ದೆಯಲ್ಲಿ. ಯಾವ ಪ್ರಾಣಿಗೆ ಹೋಲಿಕೆ? ಸ್ಪೇನಿನವನು ಆನೆ, ಫ್ರಾನ್ಸಿನವನು ನರಿ, ಜರ್ಮನ್ ಸಿಂಹ, ರಷ್ಯದವನು ಕತ್ತೆ. ಕೊನೆಗೆ ಎಲ್ಲಿ ಸಾಯ್ತಾನೆ? ಸ್ಪೇನಿನವನು ಹಾಸಿಗೆಯಲ್ಲಿ, ಫ್ರಾನ್ಸಿನವನು ಯುದ್ಧದಲ್ಲಿ, ಇಂಗ್ಲಿಷಿನವನು ನೀರಿನಲ್ಲಿ, ರಷ್ಯದವನು ಹಿಮದಲ್ಲಿ.

“ಸಿಂಹ ಯಾರಿಗೆ ಸಿಕ್ಕಿತು ಅಂತ ನೋಡಿದರೆ ಪಟ್ಟಿ ಬರೆದ ಭಾಷೆ ಯಾವುದು ಅಂತ ಗೊತ್ತಾಗುತ್ತೆ” ಅಂತ ನಕ್ಕ. “ನಮಗಂತೂ ಬೇರೆ ಕಾಲಮ್ಮೇ ಇಲ್ಲ, ಜರ್ಮನರ ಜೊತೆ ಸೇರಿಸಿಬಿಟ್ಟಿದ್ದಾರೆ” ಅಂತ ಬೇಜಾರೂ ಮಾಡಿಕೊಂಡ.

ನಾನು ಜರ್ಮನರ ಚೌಕಗಳಲ್ಲಿ ‘ಸಮಯಪಾಲನೆ’ ಹುಡುಕಿದೆ. ಇಲ್ಲ. ಹೊತ್ತು ಕಳೆಯೋದು ಕುಡಿತದಲ್ಲಿ, ಸಾಯೋದು ವೈನಿನಲ್ಲಿ, ಬಟ್ಟೆಯಲ್ಲಿ ಬೇರೆಯವರ ಕಾಪಿ. 300 ವರ್ಷದ ಹಿಂದಿನ ಚಿಕ್ಕಪ್ಪಂದಿರು ಮಕ್ಕಳಿಗೆ ಹೇಳಿಕೊಡ್ತಿದ್ದದ್ದು ಅದು. ಅವತ್ತೂ ಜನ ಅದನ್ನು ರಕ್ತಗುಣ ಅಂತಲೇ ನಂಬಿದ್ದರು.

ಕೊನೆಯ ಕಾಲಮ್ ನೋಡಿ ಜೋರಾಗಿ ನಕ್ಕೆ. ಅದರ ತಲೆಬರಹ ‘ತುರ್ಕಿ ಅಥವಾ ಗ್ರೀಕ್’. ಇಬ್ಬರೂ ದೂರದವರು, ಇಬ್ಬರೂ ಒಂದೇ, ಒಂದೇ ಚೌಕ ಸಾಕು! ಎಷ್ಟು ಸೋಮಾರಿ ಇರಬೇಕು ಬರೆದವನು ಅಂದೆ. ಆ ನಗು ನೆನಪಿಟ್ಟುಕೊಳ್ಳಿ.

ಮನೆ ‘ಕ್ಷಮಿಸಲ್ಪಟ್ಟಿದೆ’

ಕಳೆದ ವರ್ಷದ ಫೆಬ್ರವರಿಯಲ್ಲಿ ಕಂಪನಿ ಕೊಟ್ಟಿದ್ದ ಫ್ಲ್ಯಾಟ್ ಬಿಡಬೇಕಾಯ್ತು. ಮನೆ ಹುಡುಕಲು ಶುರುಮಾಡಿದೆ. ಒಂದು ಮನೆ ಬಹಳ ಇಷ್ಟ ಆಯ್ತು. ಆಫೀಸಿಗೆ ಹತ್ತು ನಿಮಿಷ, ಕಿಟಕಿಯಾಚೆ ಒಂದು ಮರ. ಓನರ್ ಹೆಂಗಸು ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿದರು. ಸಂಬಳದ ಸ್ಲಿಪ್ ಕೇಳಿದರು, ಕಳಿಸಿದೆ. ಕೊನೆಗೆ “ಭಾರತದವರಲ್ಲವೇ? ಮನೇಲಿ ಅಡುಗೆ ಮಾಡ್ತೀರಾ?” ಅಂದರು. ಹೆಮ್ಮೆಯಿಂದ ಹೌದು ಅಂದೆ. ಎರಡು ಗಂಟೆ ಬಿಟ್ಟು ಜರ್ಮನ್ ಭಾಷೆಯಲ್ಲಿ ಮೆಸೇಜ್ ಬಂತು. ಮನೆ ‘ಶೋನ್ ಫೆರ್‌ಗೇಬೆನ್’.

‘ಫೆರ್‌ಗೇಬೆನ್’ ಅಂದ್ರೆ ಕ್ಷಮಿಸಿದ್ದು ಅಂತ ನನಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಮನೆ ಆಗಲೇ ಕ್ಷಮಿಸಲ್ಪಟ್ಟಿದೆ? ಮನೆ ಏನು ತಪ್ಪು ಮಾಡ್ತು? ಪಕ್ಕದ ಸೀಟಿನವನಿಗೆ ತೋರಿಸಿದೆ. ಆ ಪದಕ್ಕೆ ಎರಡು ಅರ್ಥವಂತೆ. ಕ್ಷಮಿಸಿದ್ದು ಅಂತಲೂ ಹೌದು, ಬೇರೆಯವರಿಗೆ ಕೊಟ್ಟಾಗಿದೆ ಅಂತಲೂ ಹೌದು.

ಕೊಟ್ಟಾಗಿದ್ದ ಮನೆಯ ಜಾಹೀರಾತು ಇನ್ನೂ ಮೂರು ವಾರ ಸೈಟಿನಲ್ಲೇ ಇತ್ತು. ನಾನು ದಿನಾ ರಾತ್ರಿ ತೆಗೆದು ನೋಡ್ತಿದ್ದೆ. ಬೇರೆ ಏನೋ ಕಾರಣ ಇರಬಹುದು, ಡಾಕ್ಯುಮೆಂಟ್ ಕಮ್ಮಿ ಇತ್ತೇನೋ ಅಂತ ಮ್ಯಾನೇಜರ್ ಹತ್ತಿರ ಹೇಳಿದೆ. ಅವರು ತಮ್ಮ ಡಚ್ ಧಾಟಿಯಲ್ಲೇ ಹೇಳಿದರು: “ನೀನು ಇಂಡಿಯನ್ ಅಂತ ಕೊಡಲಿಲ್ಲ. ಬೇರೆ ಕಾರಣ ಹುಡುಕ್ತಾ ಟೈಮ್ ವೇಸ್ಟ್ ಮಾಡ್ಬೇಡ. ಗ್ಯಾರಂಟಿ ಪತ್ರ ಬೇಕಾದ್ರೆ ನಾನು ಸಹಿ ಹಾಕ್ತೀನಿ.” ಅವತ್ತು ಆ ನೇರ ಮಾತು ಚುಚ್ಚಲಿಲ್ಲ. ಯಾರೋ ಬೆನ್ನಿಗೆ ಕೈಯಿಟ್ಟ ಹಾಗಿತ್ತು.

ಆ ರಾತ್ರಿ ಮೈಸೂರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಎಲ್ಲ ಕಾರಿಕೊಂಡೆ. ನಾವೇನು ನಾತ ಹೊಡೀತೀವಾ? ಒಗ್ಗರಣೆ ಹಾಕೋದು ಅಪರಾಧವಾ? ಮುಖ ನೋಡದೆ, ಮಾತಾಡದೆ ಹೇಗೆ ತೀರ್ಮಾನ ಮಾಡ್ತಾರೆ?

ಅಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ, ಸಮಾಧಾನ ಮಾಡೋ ದನಿಯಲ್ಲೇ, “ಹೋಗ್ಲಿ ಬಿಡೋ, ಮನೆ ಅವರದ್ದು, ಭಯ ಇರುತ್ತೆ. ನಾವೂ ಹಾಗೇ ಹೇಳಿದ್ವಲ್ಲ, ಆ ಆಫ್ರಿಕಾ ಹುಡುಗನಿಗೆ” ಅಂದಳು.

ನನಗೆ ನೆನಪೇ ಇರಲಿಲ್ಲ. ಅಥವಾ ಇತ್ತು.

ಸರಸ್ವತಿಪುರಂನಲ್ಲಿ ನಮ್ಮ ಮನೆ. ಮಹಡಿ ಮೇಲಿನ ಪೋರ್ಷನ್ ಬಾಡಿಗೆಗೆ. ಮಾನಸಗಂಗೋತ್ರಿ ಹತ್ತಿರ ಆದ್ದರಿಂದ ವಿದ್ಯಾರ್ಥಿಗಳು ಕೇಳಿಕೊಂಡು ಬರ್ತಾರೆ, ಹೊರದೇಶದವರೂ ಬರ್ತಾರೆ. ಆರು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಫೈಲು. ಗೇಟಿನಾಚೆಯೇ ನಿಂತು ಮಾತಾಡಿದ. ಅವನು ಹೋದ ಮೇಲೆ ಅಪ್ಪ “ಅವರೆಲ್ಲ ರಾತ್ರಿಯಿಡೀ ಪಾರ್ಟಿ ಮಾಡ್ತಾರಂತೆ” ಅಂದರು. ಯಾರು ಹೇಳಿದ್ದು ಅಂತ ನಾನು ಕೇಳಲಿಲ್ಲ. ಇಂಗ್ಲಿಷ್ ಬರೋನು ನಾನೇ ಆದ್ದರಿಂದ ಮೆಸೇಜ್ ಮಾಡಿದ್ದೂ ನಾನೇ.

ವಾಟ್ಸ್ಯಾಪ್‌ನಲ್ಲಿ ಕೆಳಗೆ ಕೆಳಗೆ ಹೋಗಿ ಹುಡುಕಿದೆ. ಇತ್ತು. ‘ಸಾರಿ, ಮನೆ ಈಗಾಗಲೇ ಬೇರೆಯವರಿಗೆ ಕೊಟ್ಟಾಗಿದೆ’ ಅನ್ನೋ ಅರ್ಥದ ಒಂದು ಸಾಲು. ವಿಯೆನ್ನಾದ ಹೆಂಗಸು ಬರೆದದ್ದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿದರೆ ಅದೇ ಸಾಲು. ಅವನ ಉತ್ತರ ಕೆಳಗಿತ್ತು: ತೊಂದರೆ ಇಲ್ಲ ಸರ್, ನಿಮ್ಮ ಕುಟುಂಬಕ್ಕೆ ದೇವರು ಒಳ್ಳೇದು ಮಾಡ್ಲಿ. ಅದಕ್ಕೆ ನಾನೊಂದು ಥಂಬ್ಸ್ ಅಪ್ ಕೂಡ ಹಾಕಿರಲಿಲ್ಲ. ನಂಬರನ್ನು ಸೇವ್ ಮಾಡಿದ್ದ ಹೆಸರು ‘ಆಫ್ರಿಕಾ ಮನೆ ಬಾಡಿಗೆ’.

ಯಾವ ದೇಶ ಅಂತ ಕೇಳಿರಲಿಲ್ಲ. ಆಫ್ರಿಕಾದಲ್ಲಿ 54 ದೇಶಗಳಿವೆ. ಯೂರೋಪಿನ ಹನ್ನೊಂದು ದೇಶಕ್ಕೆ ಹನ್ನೊಂದು ಬೇರೆ ಬೇರೆ ಸಾಲು ಹೊಸೆದ ನಾನು, ಆ ಖಂಡಕ್ಕೆಲ್ಲ ಸೇರಿಸಿ ಒಂದೇ ಕಾಲಮ್ ಹಾಕಿದ್ದೆ. ‘ತುರ್ಕಿ ಅಥವಾ ಗ್ರೀಕ್’ ಅಂತ ಬರೆದವನಾದರೂ ‘ಅಥವಾ’ ಅಂತ ಒಂದು ಪದ ಖರ್ಚು ಮಾಡಿದ್ದ.

ಆ ನಂಬರಿಗೆ ಒಂದು ಮೆಸೇಜ್ ಬರೆದೆ. ಅವತ್ತು ಸುಳ್ಳು ಹೇಳಿದ್ದೆ, ಮನೆ ಖಾಲಿಯಿತ್ತು, ತಪ್ಪಾಯ್ತು ಅಂತ. ಕಳಿಸಿದೆ. ಇವತ್ತಿಗೂ ಒಂದೇ ಟಿಕ್ ಇದೆ. ನಂಬರ್ ಬದಲಾಗಿರಬೇಕು, ಊರಿಗೆ ಹೋಗಿರಬೇಕು. ಶೋನ್ ಫೆರ್‌ಗೇಬೆನ್ ಅಂತ ಅವನ ಕಡೆಯಿಂದ ನಾನೇ ಹೇಳಿಕೊಳ್ಳೋ ಹಾಗಿಲ್ಲ.

ಮಹಡಿ ಮೇಲಿನ ಬಾಬಾ

ನನಗೆ ಮನೆ ಸಿಕ್ಕಿತು. ‘ಬಾಬಾ’ ಸಹೋದ್ಯೋಗಿಯ ಪರಿಚಯದ ಒಬ್ಬ ಮುದುಕರು, ಅಸಲಿ ವಿಯೆನ್ನಾ ಸಿಡುಕರು. ನಾನು ಮೊದಲೇ “ಸಾರು ಮಾಡ್ತೀನಿ, ಒಗ್ಗರಣೆ ಹಾಕ್ತೀನಿ” ಅಂದೆ. “ಕಿಟಕಿ ಇದೆಯಲ್ಲ” ಅಂತ ಗೊಣಗಿ ಬೀಗದಕೈ ಕೊಟ್ಟರು.

ಅದೇ ಜೂನ್‌ನಲ್ಲಿ ಮೈಸೂರಿನ ಮಹಡಿ ಖಾಲಿಯಾಯ್ತು. ಎಂ.ಎಸ್ಸಿ. ಓದೋಕೆ ಬಂದ ಒಬ್ಬ ಹುಡುಗ ಕೇಳಿಕೊಂಡು ಬಂದ. ಅಮ್ಮ ಫೋನ್ ಮಾಡಿದಾಗ ನಾನು ಒಂದೇ ಮಾತು ಹೇಳಿದೆ: “ಒಳಗೆ ಕರೆದು ಕೂರಿಸು, ಕಾಫಿ ಕೊಡು, ಯಾವ ಊರು ಅಂತ ಕೇಳು. ಆಮೇಲೆ ಬೇಕಾದ್ರೆ ಬೇಡ ಅನ್ನು.”

ಅಮ್ಮ ಕೇಳಿದಳು. ಟಾಂಜಾನಿಯ ದೇಶ, ಅರುಷಾ ಅನ್ನೋ ಊರು. ಅರ್ಧ ಗಂಟೆ ಬಿಟ್ಟು ನನಗೆ ವಾಪಸ್ ಫೋನ್ ಬಂತು. ದನಿಯಲ್ಲಿ ಉತ್ಸಾಹ. “ಲೋ, ಅವನ ಊರಲ್ಲಿ ಮೇರು ಪರ್ವತ ಇದೆಯಂತೆ ಕಣೋ! ಮೊಬೈಲಲ್ಲಿ ತೋರಿಸಿದ. ಚಪಾತಿಗೆ ಅವರೂ ಚಪಾತಿ ಅಂತಲೇ ಅಂತಾರಂತೆ!” ಅರುಷಾ ಪಕ್ಕದಲ್ಲಿ ಮೌಂಟ್ ಮೇರು ಇರೋದು ನಿಜ, 4,562 ಮೀಟರ್ ಎತ್ತರ. ಪುರಾಣದ ಮೇರುವಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳೋಕೆ ಹೊರಟವನು ಬಾಯಿ ಮುಚ್ಚಿಕೊಂಡೆ. ಮನೆ ಕೊಟ್ಟಾಯ್ತು. ಇವನಿಗೆ ಕೊಟ್ಟದ್ದು ಅವನ ಲೆಕ್ಕಕ್ಕೆ ಜಮಾ ಆಗಲ್ಲ, ಅದು ಗೊತ್ತು.

ಎರಡು ವಾರ ಕಳೆದು ಅಮ್ಮನ ಫೋನ್. ಪಿಸುಮಾತು. “ದಿನಾ ರಾತ್ರಿ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಕೂತು ಯಾರನ್ನೋ ‘ಬಾ ಬಾ, ಬಾ ಬಾ’ ಅಂತ ಕರೀತಾನೋ. ನಿಮ್ಮಪ್ಪ ಪಾರ್ಟಿಗೇ ಇರಬೇಕು ಅಂತ ಗೇಟಿನ ಹತ್ತಿರ ನಿಂತು ಕಾದರು. ಯಾರೂ ಬರಲಿಲ್ಲ.”

“ಅವನನ್ನೇ ಕೇಳಮ್ಮ” ಅಂದೆ.

ಮಾರನೇ ದಿನ ಕೇಳಿದಳಂತೆ. ಅವರ ಸ್ವಾಹಿಲಿ ಭಾಷೆಯಲ್ಲಿ ‘ಬಾಬಾ’ ಅಂದ್ರೆ ಅಪ್ಪ. ನಮ್ಮ ರಾತ್ರಿ ಹತ್ತು ಅಂದ್ರೆ ಅಲ್ಲಿ ಸಂಜೆ ಏಳೂವರೆ. ಅಪ್ಪ ಕೆಲಸದಿಂದ ಮನೆಗೆ ಬರೋ ಹೊತ್ತು. ಅಪ್ಪನ ಹತ್ತಿರ ದಿನಾ ಅರ್ಧ ಗಂಟೆ ಮಾತಾಡ್ತಾನೆ.

ಇಷ್ಟು ಹೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದಳು. ನಾನು ಏನಾದರೂ ಹೇಳಲಿ ಅಂತ ಕಾದಳೋ ಏನೋ. ಆಮೇಲೆ, “ಅವನು ದಿನಾ ಮಾಡ್ತಾನೆ. ನೀನು ಭಾನುವಾರಕ್ಕೊಂದು ಸಲ, ಅದೂ ಅಂಗಡಿ ಮುಚ್ಚಿರುತ್ತೆ ಅಂತ” ಅಂದಳು.

ಉತ್ತರ ಹೊಳೆಯಲಿಲ್ಲ. ಎರಡು ವರ್ಷದ ಅಭ್ಯಾಸ, ಬಾಯಿಗೆ ಬಂದದ್ದು ಅದೇ. “ಸರಿ ಅಮ್ಮ, ಬಾಬಾ” ಅಂದೆ.

“ನಾನೆಲ್ಲಿಗೆ ಬರ್ಲೋ ಅಷ್ಟು ದೂರ? ನೀನೇ ಬಾ” ಅಂದು ಫೋನಿಟ್ಟಳು.